ಬೀದಿಬದಿಗೆ ನೆಟ್ಟ 42 ಸಸಿಗಳಲ್ಲಿ ಉಳಿದದ್ದು 17, ನಾವು ತಪ್ಪಿದ್ದೆಲ್ಲಿ?

ಪ್ರಶ್ನೆ: ಎರಡನೇ ಅಡ್ಡರಸ್ತೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ದಕ್ಷಿಣ ಭಾಗದ ಒಂದು ಹಳೆಯ ಬಡಾವಣೆ. ಒಂದು ಕಾಲಕ್ಕೆ ಮಧ್ಯಾಹ್ನ ಹನ್ನೆರಡಕ್ಕೂ ಬಿಸಿಲು ನೆಲಕ್ಕೆ ಬೀಳದಿದ್ದ ನಮ್ಮ ರಸ್ತೆಯಲ್ಲಿ, ಕಳೆದ ಹತ್ತು ವರ್ಷಗಳಲ್ಲಿ ಚರಂಡಿ ಕೆಲಸಕ್ಕೆ ಕೆಲವು, ಮನೆಗಳ ಮರುನಿರ್ಮಾಣಕ್ಕೆ ಕೆಲವು, ಮುಂಗಾರಿಗೆ ಮೊದಲಿನ ಬಿರುಗಾಳಿಗೆ ಇನ್ನು ಕೆಲವು ಎಂದು ದೊಡ್ಡ ಮರಗಳು ಒಂದೊಂದಾಗಿ ಹೋದವು. ಇದನ್ನು ನೋಡಿ ಬೇಸತ್ತ ನಾವು ಹದಿನಾಲ್ಕು ಮಂದಿ ಸೇರಿ ಒಂದು ಸಣ್ಣ ಗುಂಪು ಕಟ್ಟಿಕೊಂಡು, ಪಾಲಿಕೆಯ ಅರಣ್ಯ ವಿಭಾಗಕ್ಕೆ ಪತ್ರ ಬರೆದು ಒಪ್ಪಿಗೆ ಪಡೆದು, ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ ಎರಡು ರಸ್ತೆಗಳ ಉದ್ದಕ್ಕೂ 42 ಸಸಿಗಳನ್ನು ನೆಟ್ಟೆವು. ಹೊಂಗೆ, ನೇರಳೆ, ಸಂಪಿಗೆ, ಹೊಳೆದಾಸವಾಳ ಮತ್ತು ಆಕಾಶಮಲ್ಲಿಗೆ ಸಸಿಗಳು ಅವು. ಆ ದಿನ ಮಕ್ಕಳು ಮರಿ ಸೇರಿ ಎಂಬತ್ತು ಮಂದಿ ಬಂದಿದ್ದರು. ಉಪ್ಪಿಟ್ಟು, ಕೇಸರಿಭಾತ್ ಕೂಡ ಆಯಿತು.

ಈಗ ಏಪ್ರಿಲ್. ನಿನ್ನೆ ಎಣಿಸಿದಾಗ ಜೀವ ಹಿಡಿದಿದ್ದವು 17. ಹೋದ 25ರ ಲೆಕ್ಕ ಹೀಗಿದೆ: ಮೊದಲ ತಿಂಗಳಲ್ಲೇ ಬೀದಿ ಹಸುಗಳು ತಿಂದದ್ದು 6, ಕೇಬಲ್ ಹಾಕುವವರು ಅಗೆದು ಎಸೆದದ್ದು 3, ಹಿಂದಕ್ಕೆ ಬಂದ ಕಾರಿನ ಚಕ್ರಕ್ಕೆ ಸಿಕ್ಕಿದ್ದು 1. ಉಳಿದ 15 ಸಸಿಗಳು ಡಿಸೆಂಬರ್‌ವರೆಗೂ ಚೆನ್ನಾಗಿಯೇ ಇದ್ದು, ಫೆಬ್ರುವರಿಯಿಂದ ಈಚೆಗೆ ಒಂದೊಂದಾಗಿ ಒಣಗಿದವು. ನನ್ನನ್ನು ಕಾಡುತ್ತಿರುವುದು ಈ ಹದಿನೈದು. ಪ್ರತಿದಿನ ಬೆಳಿಗ್ಗೆ ಯಾರಾದರೊಬ್ಬರು ಒಂದೊಂದು ಚೊಂಬು ನೀರು ಹಾಕುತ್ತಲೇ ಇದ್ದರು. ಆದರೂ ಹೀಗೇಕಾಯಿತು? ಈ ಮಳೆಗಾಲಕ್ಕೆ ಮತ್ತೆ ನೆಡಬೇಕೆಂದು ಕೆಲವರು ಹೇಳುತ್ತಿದ್ದಾರೆ. ಮತ್ತೊಮ್ಮೆ ಇದೇ ತಪ್ಪು ಮಾಡಲು ನನಗೆ ಮನಸ್ಸಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಹಳೆಯ ನರ್ಸರಿಯವರು

ನಾನು ಸಸ್ಯಕ್ಷೇತ್ರಗಳಲ್ಲಿ ಸುಮಾರು ಮೂವತ್ತು ವರ್ಷ ದುಡಿದು ನಿವೃತ್ತನಾದವನು. ತಮ್ಮ ಲೆಕ್ಕ ಓದಿ ಬೇಸರಕ್ಕಿಂತ ಸಂತೋಷವೇ ಆಯಿತು ಎಂದರೆ ತಪ್ಪು ತಿಳಿಯಬೇಡಿ. ನೆಟ್ಟ ಸಸಿಗಳ ಲೆಕ್ಕ ಎಲ್ಲರ ಬಳಿಯೂ ಇರುತ್ತದೆ, ಸತ್ತ ಸಸಿಗಳನ್ನು ಕಾರಣಸಹಿತ ಬರೆದಿಟ್ಟುಕೊಳ್ಳುವವರು ಅಪರೂಪ.

ದಿನಕ್ಕೊಂದು ಚೊಂಬು ನೀರು ಎಂದಿರಿ. ಹೆಚ್ಚುಕಡಿಮೆ ಅದೇ ಆ ಸಸಿಗಳನ್ನು ಕೊಂದಿದೆ ಎಂದು ನನ್ನ ಅನುಮಾನ. ಒಂದು ಚೊಂಬು ನೀರು ಮೇಲಿನ ಎರಡು ಬೆರಳು ಮಣ್ಣನ್ನು ಮಾತ್ರ ತೋಯಿಸುತ್ತದೆ. ಮಧ್ಯಾಹ್ನದೊಳಗೆ ಅದೂ ಆರಿಹೋಗುತ್ತದೆ. ಬೇರಿಗೆ ನೀರು ಸಿಕ್ಕುವುದು ಮೇಲ್ಭಾಗದಲ್ಲಿ ಮಾತ್ರ ಎಂದಾದಾಗ ಅದು ಕೆಳಕ್ಕೆ ಇಳಿಯುವ ಗೋಜಿಗೇ ಹೋಗುವುದಿಲ್ಲ. ಮಳೆಗಾಲದ ತೇವ ಡಿಸೆಂಬರ್‌ವರೆಗೆ ಕೈಹಿಡಿಯುತ್ತದೆ, ಅಲ್ಲಿಯವರೆಗೆ ಗಿಡ ಹಸಿರಾಗಿಯೇ ಕಾಣುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಬೆಂಗಳೂರಿನಲ್ಲಿ ಲೆಕ್ಕಕ್ಕೆ ಬರುವಂಥ ಮಳೆಯಿಲ್ಲ. ಆಗ ಮೇಲ್ಮಣ್ಣಿನಲ್ಲೇ ಕುಳಿತ ಬೇರಿಗೆ ದಾರಿ ಇರುವುದಿಲ್ಲ. ವಾರಕ್ಕೆ ಎರಡೇ ಸಲ ಹಾಕಿ, ಆದರೆ ಪ್ರತಿ ಸಲವೂ ಇಪ್ಪತ್ತು ಲೀಟರ್ ನಿಧಾನವಾಗಿ ಇಂಗುವಂತೆ ಹಾಕಿ. ಸಂಶಯ ಬಂದರೆ ಒಂದು ಕಡ್ಡಿಯನ್ನು ಗೇಣುದ್ದ ಚುಚ್ಚಿ ತೆಗೆದು ನೋಡಿ. ತುದಿಗೆ ತೇವದ ಮಣ್ಣು ಅಂಟಿದ್ದರೆ ಆ ದಿನ ನೀರು ಬೇಡ.

ಎರಡನೆಯದು ಗುಂಡಿ. ಹೊಲದ ಅಂಚಿನಲ್ಲಿ ಒಂದೂವರೆ ಅಡಿ ಗುಂಡಿ ಸಾಕಾಗಬಹುದು. ನಗರದ ಫುಟ್‌ಪಾತಿನ ಚಪ್ಪಡಿ ಎತ್ತಿದರೆ ಕೆಳಗಿರುವುದು ಮಣ್ಣಲ್ಲ. ಜಲ್ಲಿ, ಇಟ್ಟಿಗೆ ಚೂರು, ಹಳೆಯ ಗಾರೆ, ಗಟ್ಟಿಯಾದ ಸಿಮೆಂಟಿನ ಹೆಂಟೆ. ಅದರಲ್ಲಿ ಡ್ರಿಲ್ ಹಿಡಿದು ಒಂದಡಿ ತೂತು ಕೊರೆದು ಸಸಿ ಇಟ್ಟರೆ, ನೆಲದಲ್ಲಿ ನೆಟ್ಟಂತೆ ಕಂಡರೂ ಹೂಕುಂಡದಲ್ಲಿ ಇಟ್ಟಂತೆಯೇ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ ತೆಗೆಯಬೇಕು; ಅಷ್ಟು ಜಾಗವಿಲ್ಲದಿದ್ದರೆ ಅಗಲದಲ್ಲಿ ರಾಜಿಯಾಗಿ, ಆಳದಲ್ಲಿ ಬೇಡ. ತೆಗೆದ ಕಸವನ್ನು ಅದೇ ಗುಂಡಿಗೆ ತುಂಬದೆ ಹೊರಗೆ ಸಾಗಿಸಿ, ಕೆಮ್ಮಣ್ಣಿಗೆ ಮೂರನೇ ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ, ಗೆದ್ದಲಿನ ಕಾಟವಿರುವೆಡೆ ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಿ. ಹೊಸ ಮಣ್ಣು ಮೊದಲ ಮಳೆಗೆ ಕುಸಿಯುತ್ತದೆಂಬುದನ್ನು ಮರೆಯದೆ, ಮೇ ತಿಂಗಳಲ್ಲೇ ಗುಂಡಿ ತುಂಬಿಸಿ ಬಿಟ್ಟು, ಆರಿದ್ರಾ ಮಳೆ ಹಿಡಿದ ಮೇಲೆ ನೆಡುವುದು ಒಳ್ಳೆಯದು. 'ಆದ್ರೆ ಆರಿದ್ರ, ಇಲ್ಲದಿದ್ದರೆ ದರಿದ್ರ' ಎಂದು ನಮ್ಮ ಹಿರಿಯರು ರಾಗಿಗೆ ಮಾತ್ರ ಹೇಳಿದ್ದಲ್ಲ.

ಇನ್ನು ಸಸಿಯ ಎತ್ತರ. ವನಮಹೋತ್ಸವದಲ್ಲಿ ಹಂಚುವ ಒಂದಡಿಯ ಸಸಿ ತೋಟಕ್ಕೆ ಸರಿ, ಬೀದಿಗಲ್ಲ. ಹಸುವಿನ ಬಾಯಿಗೆ ತುದಿ ಎಟುಕದಂತೆ ಆರೇಳು ಅಡಿ ಎತ್ತರವಿದ್ದು, ಕಾಂಡ ಹೆಬ್ಬೆರಳಿನಷ್ಟು ದಪ್ಪ ಇರಬೇಕು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಟ್ಟಾಗ, ಎತ್ತರದ ಸಸಿ ಮತ್ತು ಅದರ ಸುತ್ತ ಬೇಲಿ ಎಂಬ ಎರಡು ಸಂಗತಿಗಳಿಗೆ ಬಹಳ ಒತ್ತು ಕೊಟ್ಟಿದ್ದರು. ಇಂದು ನಾವು ಹಳೆಯ ಮರಗಳೆಂದು ತಬ್ಬಿಕೊಂಡು ಉಳಿಸಲು ಹೋರಾಡುವ ಎಷ್ಟೋ ಮರಗಳು ನಿಜಕ್ಕೂ ಆ ಕಾಲದವು, ನಲವತ್ತು ದಾಟಿದವು ಅಷ್ಟೆ.

ಕೊನೆಗೆ ಒಂದು ವಿಚಾರಣೆ. ನೆಡುವ ದಿನ ಮಕ್ಕಳು ಮರಿ ಸೇರಿ ಎಂಬತ್ತು ಮಂದಿ ಇದ್ದರೆಂದಿರಿ. ಸಸಿಯ ಕಪ್ಪು ಪಾಲಿಥಿನ್ ಚೀಲವನ್ನು ಪ್ರತಿಯೊಬ್ಬರೂ ಬಿಚ್ಚಿಯೇ ನೆಟ್ಟಿದ್ದರೇ? ಒಣಗಿದ ಗಿಡಗಳನ್ನು ಸುಮ್ಮನೆ ಎಸೆಯದೆ ಒಂದೆರಡನ್ನು ಅಗೆದು ನೋಡಿ ತಿಳಿಸಿ.

ಉತ್ತರ: ಏಳನೇ ಮಹಡಿ

ಹಿರಿಯರು ನೀರಿನ ಪ್ರಮಾಣ ಹೇಳಿದ್ದಾರೆ. ಆ ನೀರು ಎಲ್ಲಿಂದ ಬರಬೇಕು ಎಂಬುದನ್ನು ನಾನು ಸೇರಿಸುತ್ತೇನೆ. ಗಿಡವೊಂದಕ್ಕೆ ವಾರಕ್ಕೆ 40 ಲೀಟರ್ ಎಂದರೆ 42 ಗಿಡಗಳಿಗೆ 1,680 ಲೀಟರ್. ಹದಿನಾಲ್ಕು ಮಂದಿಗೆ ಹಂಚಿದರೆ ತಲೆಗೆ ವಾರಕ್ಕೆ 120 ಲೀಟರ್, ಅಂದರೆ ಇಪ್ಪತ್ತು ಲೀಟರಿನ ಆರು ಕ್ಯಾನ್‌ಗಳನ್ನು ಹೊರಬೇಕು. ಗುದ್ದಲಿ ಹಿಡಿಯುವ ಮೊದಲು ಈ ಗುಣಾಕಾರ ಮಾಡಿದ್ದರೆ ತಾವು 42ರ ಬದಲು ಹದಿನೈದೋ ಹದಿನೆಂಟೋ ನೆಡುತ್ತಿದ್ದಿರಿ ಎಂದು ನನಗೆ ಅನಿಸುತ್ತದೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದಾಗ, ನಮ್ಮ ಬೀದಿಯ ಗಿಡಗಳಿಗೆ ಒಂದೂವರೆ ವರ್ಷ ವಯಸ್ಸು. ಕಾವೇರಿ ನೀರನ್ನು ರಸ್ತೆಗೆ ಚೆಲ್ಲುವುದು ಆಗ ಕಾನೂನಿಗೂ ಸಲ್ಲದು, ಮನಸ್ಸಿಗೂ ಸಲ್ಲದು. ನಮ್ಮ ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಪ್ರತಿದಿನ ಸಂಸ್ಕರಿಸಿದ ನೀರು ಮಿಕ್ಕಿ ಚರಂಡಿಗೆ ಹೋಗುತ್ತಿತ್ತು. ಅದನ್ನು ಗೇಟಿನ ಹೊರಗೆ ಒಂದು ನಲ್ಲಿಗೆ ತಂದೆವು. ಮೊದಲ ವಾರ ವಾಸನೆಯೆಂದು ಅಕ್ಕಪಕ್ಕದವರು ದೂರಿದರು; ಘಟಕದ ಮರಳು ಸೋಸುಗವನ್ನು ಸ್ವಚ್ಛಗೊಳಿಸಿದ ಮೇಲೆ ಆ ದೂರು ನಿಂತಿತು. ತಮ್ಮ ಬಡಾವಣೆಯಲ್ಲಿ ಅಪಾರ್ಟ್‌ಮೆಂಟ್ ಇದ್ದರೆ ಅವರ ಸಂಘದ ಕಾರ್ಯದರ್ಶಿಯನ್ನು ಒಮ್ಮೆ ಮಾತನಾಡಿಸಿ. ಆದರೆ ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಹಾಕುವ ತ್ಯಾಜ್ಯ ನೀರನ್ನು ಮಾತ್ರ ಎಳೆಯ ಗಿಡಕ್ಕೆ ದಿನವೂ ಹಾಕಬೇಡಿ. ಅದರಲ್ಲಿ ಲವಣಾಂಶ ಹೆಚ್ಚಿರುವುದರಿಂದ ಎಲೆಯಂಚು ಸುಟ್ಟಂತಾಗುತ್ತದೆ.

ನಿಧಾನವಾಗಿ ಇಂಗಿಸುವುದಕ್ಕೆ ನಾವು ಕಂಡುಕೊಂಡ ಉಪಾಯ ಬಹಳ ಸರಳ. ಸೋರುವುದೆಂದು ಬಿಸಾಡಿದ ಇಪ್ಪತ್ತು ಲೀಟರಿನ ನೀರಿನ ಕ್ಯಾನಿನ ತಳದಲ್ಲಿ ಕಾಯಿಸಿದ ಸೂಜಿಯಿಂದ ಒಂದು ತೂತು ಮಾಡಿ, ಗಿಡದ ಬುಡದಿಂದ ಒಂದಡಿ ದೂರದಲ್ಲಿ ಇಟ್ಟು, ತುಂಬಿಸಿ ಹೋಗುವುದು. ಸಂಜೆ ತುಂಬಿದರೆ ಬೆಳಗಿನ ಹೊತ್ತಿಗೆ ಖಾಲಿ. ಪಾತಿಯ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ತರಗೆಲೆ ಹೊದಿಸಿದ ಮೇಲೆ ನೀರಿನ ಖರ್ಚೂ ಇಳಿಯಿತು. ಒಂದು ತೊಡಕೆಂದರೆ ಖಾಲಿ ಕ್ಯಾನುಗಳು ಕಾಣೆಯಾಗುತ್ತವೆ. ಈಗ ಅವನ್ನು ಟ್ರೀ ಗಾರ್ಡಿಗೆ ಸರಪಳಿ ಹಾಕಿ ಬಿಗಿದಿದ್ದೇವೆ, ಹಳೆಯ ಕಾಲದ ರೈಲ್ವೆ ನಿಲ್ದಾಣದ ಲೋಟದ ಹಾಗೆ.

ಉತ್ತರ: ಧಾರವಾಡದ ಓದುಗ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಜಾತಿಯ ಆಯ್ಕೆಯ ಬಗ್ಗೆ ಯಾರೂ ಕೇಳಲಿಲ್ಲವೆಂಬುದು ಆಶ್ಚರ್ಯ. ತಮ್ಮ ರಸ್ತೆಯ ಯಾವ ಬದಿಗೆ ವಿದ್ಯುತ್ ತಂತಿ ಇದೆ? ತಂತಿಯ ಕೆಳಗೆ ನೇರಳೆ, ಆಕಾಶಮಲ್ಲಿಗೆಗಳಂಥ ಎತ್ತರದ ಮರಗಳನ್ನು ನೆಟ್ಟರೆ, ಹತ್ತು ವರ್ಷಗಳ ನಂತರ ಪ್ರತಿ ಮುಂಗಾರಿಗೆ ಮೊದಲು ವಿದ್ಯುತ್ ಸಿಬ್ಬಂದಿ ಬಂದು ಒಂದೇ ಮಗ್ಗುಲು ಕಡಿದುಹೋಗುತ್ತಾರೆ, ಮರ ರಸ್ತೆಯ ಕಡೆಗೆ ವಾಲುತ್ತದೆ, ಒಂದು ಬಿರುಗಾಳಿಗೆ ಉರುಳುತ್ತದೆ, ಆಮೇಲೆ ಮರಗಳೇ ಅಪಾಯ ಎಂಬ ಮಾತು ಹುಟ್ಟುತ್ತದೆ. ತಂತಿಯ ಕೆಳಗೆ ಹೊಳೆದಾಸವಾಳ, ಬಸವನಪಾದಗಳಂಥವು ಸಾಕು. ಎದುರು ಬದಿಗೆ ಹೊಂಗೆ, ನೇರಳೆ ಇರಲಿ. ಹೊಂಗೆಯ ವಿಷಯದಲ್ಲಿ ನನಗೆ ಪಕ್ಷಪಾತವಿದೆಯೆಂದು ಒಪ್ಪಿಕೊಳ್ಳುತ್ತೇನೆ. ಬೇಸಿಗೆ ಕಾಲಿಡುವ ಹೊತ್ತಿಗೆ ಎಲೆ ಉದುರಿಸಿ, ಯುಗಾದಿಗೆ ಸರಿಯಾಗಿ ಮೈತುಂಬ ತಳಿರು ಹೊತ್ತು ನಿಲ್ಲುವ ಮರ ಅದು. ಬಿಸಿಲು ಏರಿದಾಗ ನೆರಳು ದಟ್ಟವಾಗಿರುತ್ತದೆ. ಎಲೆಯ ಮೇಲೆ ಗಂಟುಗಳು, ಬಿಳಿ ಮಚ್ಚೆಗಳು ಕಂಡರೆ ಹೆದರಬೇಡಿ, ಅದು ಹುಳುಗಳ ಕೆಲಸ, ಮರ ಅದರಿಂದ ಸಾಯುವುದಿಲ್ಲ.

ನಮ್ಮ ಮಣ್ಣಿನ ಮರಗಳನ್ನೇ ನೆಡಬೇಕು, ಪರದೇಶದವು ಬೇಡ ಎಂದು ವಾದಿಸುವವರಿದ್ದಾರೆ. ನಾನೂ ಒಂದು ಕಾಲಕ್ಕೆ ಹಾಗೆಯೇ ವಾದಿಸುತ್ತಿದ್ದೆ. ಆದರೆ ಮಳೆಮರ ಮತ್ತು ಜಕರಂಡ ದಕ್ಷಿಣ ಅಮೆರಿಕದ ಕಡೆಯವು, ಗುಲ್‌ಮೊಹರ್ ಮಡಗಾಸ್ಕರಿನದು. ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಅವರು ಒಂದು ಜಾತಿ ಹೂವು ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದ್ದರಿಂದಲೇ ಬೆಂಗಳೂರಿಗೆ ಆ ಚೆಲುವು ಬಂದದ್ದು. ಹಾಗಾಗಿ ಹುಟ್ಟೂರಿನ ಪ್ರಶ್ನೆಗಿಂತ, ಕಿರಿದಾದ ಫುಟ್‌ಪಾತಿನಲ್ಲಿ ಬೇರು ಎಲ್ಲಿಗೆ ಹೋಗುತ್ತದೆ, ಕೊಂಬೆ ಗಾಳಿಗೆ ಮುರಿಯುತ್ತದೆಯೇ ಎಂಬ ಪ್ರಶ್ನೆಗಳು ಬೀದಿಯ ಮಟ್ಟಿಗೆ ಮುಖ್ಯ. ಗುಲ್‌ಮೊಹರ್ ಅಗಲವಾದ ಉದ್ಯಾನಕ್ಕೆ ಒಪ್ಪುತ್ತದೆ. ಚರಂಡಿಯಂಚಿನಲ್ಲಿ ಬೇರು ಕಡಿಸಿಕೊಂಡು ನಿಂತ ಗುಲ್‌ಮೊಹರ್ ಮೇ ತಿಂಗಳ ಗಾಳಿಗೆ ಮೊದಲು ಬೀಳುವವುಗಳಲ್ಲೊಂದು.

ಮತ್ತೆ ಎಷ್ಟು ನೆಡಬೇಕೆಂಬ ಮಾತು. ಸಾಲುಮರದ ತಿಮ್ಮಕ್ಕನವರ ಹೆಸರನ್ನು ಪ್ರತಿ ವನಮಹೋತ್ಸವದಲ್ಲೂ ಹೇಳುತ್ತೇವೆ. ಹುಲಿಕಲ್ಲು ಮತ್ತು ಕುದೂರಿನ ನಡುವೆ ಅವರೂ ಪತಿ ಚಿಕ್ಕಯ್ಯನವರೂ ಬೆಳೆಸಿದ ಆಲದ ಮರಗಳು 385ರಷ್ಟು ಎಂಬುದು ಎಲ್ಲರಿಗೂ ಗೊತ್ತು. ಆದರೆ ಮೊದಲ ವರ್ಷ ನೆಟ್ಟದ್ದು 10, ಎರಡನೆಯ ವರ್ಷ 15, ಮೂರನೆಯ ವರ್ಷ 20 ಎಂಬುದನ್ನು ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ. ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಕಾಯಲು ಇಬ್ಬರ ಕೈಗೆ ಎಷ್ಟು ಆಗುತ್ತದೋ ಅಷ್ಟೇ ನೆಟ್ಟರು.

ಕಾನೂನಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ನಗರದಲ್ಲಿ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಮರ ಸ್ವಂತ ಕಾಂಪೌಂಡಿನೊಳಗಿದ್ದರೂ ಅಷ್ಟೇ. ತಾವೇ ನೆಟ್ಟ ಗಿಡವೆಂದು ಮುಂದೆ ತಾವೇ ಕಡಿಯುವಂತಿಲ್ಲ. ಬುಡಕ್ಕೆ ಕಾಂಕ್ರೀಟ್ ಸುರಿಯುವ ಗುತ್ತಿಗೆದಾರರೊಂದಿಗೆ ವಾದ ಬಂದರೆ, ದೆಹಲಿಯ ಮರಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2013ರಲ್ಲಿ ಮರದ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಬೇಕೆಂದು ಆದೇಶಿಸಿದ್ದನ್ನು ಪತ್ರದಲ್ಲಿ ಉಲ್ಲೇಖಿಸಬಹುದು. ಅದು ದೆಹಲಿಗೆ ಹೊರಟ ಆದೇಶ, ಆದರೂ ಎಂಜಿನಿಯರುಗಳು ಓದಿದರೆ ಕೆಲಸ ನಿಲ್ಲಿಸಿ ಯೋಚಿಸುತ್ತಾರೆ.

ಉತ್ತರ: ಮೂಲೆ ಅಂಗಡಿ

ನಾನು ನೆಡುವವನಲ್ಲ, ಎದುರು ಪಕ್ಷದವನು. ನಮ್ಮ ಕಡೆಯೂ ಹೀಗೊಂದು ಗುಂಪು ಬಂದು, ಬೆಳಿಗ್ಗೆ ನಾನು ಅಂಗಡಿ ತೆರೆಯುವಷ್ಟರಲ್ಲಿ ಬಾಗಿಲಿಗೆ ಸರಿಯಾಗಿ ಒಂದು ಗುಂಡಿ ತೋಡಿ ಗಿಡ ನೆಟ್ಟು ಹೋಗಿತ್ತು. ದಿನಸಿ ಮೂಟೆ ಇಳಿಸುವ ಗಾಡಿ ಎಲ್ಲಿ ನಿಲ್ಲಬೇಕು ಎಂದು ಯಾರೂ ನನ್ನನ್ನು ಕೇಳಲಿಲ್ಲ. ಆ ಗಿಡ ಒಂದು ತಿಂಗಳಲ್ಲಿ ಹೋಯಿತು. ನಾನು ಕೀಳಲಿಲ್ಲ, ನೀರನ್ನೂ ಹಾಕಲಿಲ್ಲ. ಎರಡಕ್ಕೂ ವ್ಯತ್ಯಾಸವಿಲ್ಲ ಎಂದು ನನ್ನ ಹೆಂಡತಿ ಹೇಳಿದಳು, ಅದು ಬೇರೆ ಮಾತು. ಮರುವರ್ಷ ಅದೇ ಗುಂಪಿನ ಒಬ್ಬ ತಾಯಿ ಬಂದು, "ಅಣ್ಣಾ, ಈ ಸಲ ಎಲ್ಲಿ ಹಾಕೋಣ, ಯಾವ ಗಿಡ ಬೇಕು, ನೀವೇ ಹೇಳಿ" ಎಂದರು. ಬಾಗಿಲಿನಿಂದ ಎಂಟಡಿ ಆಚೆ, ಬೋರ್ಡಿಗೆ ಅಡ್ಡ ಬಾರದಂತೆ ಸಂಪಿಗೆ ಹಾಕಿ ಎಂದೆ. ಈಗ ಅದಕ್ಕೆ ಮೂರು ವರ್ಷ. ಅಂಗಡಿ ತೊಳೆದ ನೀರಲ್ಲ, ಬೇರೆ ನೀರನ್ನೇ ಹಾಕುತ್ತೇನೆ. ಕೇಬಲ್ಲಿನವರು ಅಗೆಯಲು ಬಂದಾಗ ಅಡ್ಡ ನಿಂತವನೂ ನಾನೇ. ತಮ್ಮ 42 ಗಿಡಗಳ ಎದುರಿನ ಮನೆಗಳವರಲ್ಲಿ ಎಷ್ಟು ಮಂದಿಯನ್ನು ನೆಡುವ ಮೊದಲು ಕೇಳಿದ್ದಿರಿ ಎಂದು ತಿಳಿಯಬಹುದೇ?

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಎರಡನೇ ಅಡ್ಡರಸ್ತೆ

ಎಲ್ಲರಿಗೂ ಧನ್ಯವಾದ. ಮೂಲೆ ಅಂಗಡಿಯವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದೇ ಹೆಚ್ಚು ಮುಜುಗರದ್ದು: ನಾವು ಕೇಳಿದ್ದು ನಮ್ಮ ಹದಿನಾಲ್ಕು ಮನೆಗಳನ್ನು ಮಾತ್ರ. ಇಂದು ಪಟ್ಟಿ ಹಿಡಿದು ನೋಡಿದಾಗ, ಉಳಿದ 17 ಗಿಡಗಳಲ್ಲಿ 12 ಆ ಮನೆಗಳ ಮುಂದೆಯೇ ಇವೆ.

ಈ ಭಾನುವಾರ ನಾವು ನಾಲ್ವರು ಹಾರೆ ಹಿಡಿದು, ಒಣಗಿದವುಗಳಲ್ಲಿ ಆರನ್ನು ಅಗೆದು ತೆಗೆದೆವು. ನಾಲ್ಕರಲ್ಲಿ ಪಾಲಿಥಿನ್ ಚೀಲ ಹಾಗೆಯೇ ಇತ್ತು. ಒಂದು ಹೊಂಗೆಯ ಚೀಲವನ್ನು ಕತ್ತರಿಯಿಂದ ಸೀಳಿ ನೋಡಿದರೆ, ತಾಯಿಬೇರು ತಳಕ್ಕೆ ಮುಟ್ಟಿ ದಾರಿ ಕಾಣದೆ ಗಡಿಯಾರದ ಸ್ಪ್ರಿಂಗಿನಂತೆ ಮೂರು ಸುತ್ತು ಸುತ್ತಿಕೊಂಡಿತ್ತು. ಚೀಲದ ಹೊರಗಿನ ಮಣ್ಣಿನಲ್ಲಿ ತೇವವಿತ್ತು, ಒಳಗಿನದು ಬೂದಿಯಂತೆ ಉದುರಿತು. ಚೀಲದ ಮೇಲೆ ಯಾವುದೋ ಮಗು ಬಿಳಿ ಬಣ್ಣದಲ್ಲಿ ತನ್ನ ಹೆಸರು ಬರೆದಿತ್ತು. ಬಹುಶಃ ಆ ಹೆಸರು ಹರಿಯಬಾರದೆಂದೇ ಚೀಲ ಬಿಚ್ಚಲಿಲ್ಲವೇನೋ. ಇನ್ನುಳಿದ ಎರಡು ಗುಂಡಿಗಳು ಒಂದಡಿಗೂ ಕಡಿಮೆ, ಕೆಳಗೆ ಸಿಮೆಂಟು.

ಗುಂಪಿನಲ್ಲಿ ಮಾತನಾಡಿ ಈ ವರ್ಷ ಒಂಬತ್ತೇ ಗುಂಡಿ ಎಂದು ತೀರ್ಮಾನಿಸಿದ್ದೇವೆ. ಎದುರಿನ ಮನೆಯವರು ಒಪ್ಪಿ, ಗಿಡವನ್ನು ಅವರೇ ಆರಿಸಿದ ಕಡೆ ಮಾತ್ರ. ಇದರಿಂದ ಬೇಸರಗೊಂಡು ಇಬ್ಬರು ಗುಂಪು ಬಿಟ್ಟರು. ನೂರು ಸಸಿ ನೆಡುವ ಕಾರ್ಯಕ್ರಮ ಅವರಿಗೆ ಬೇಕಿತ್ತು. ನೀರಿಗಾಗಿ ಹತ್ತಿರದ ಅಪಾರ್ಟ್‌ಮೆಂಟಿನವರನ್ನು ಮಾತನಾಡಿಸಿದ್ದೇವೆ, ಅವರ ಸಭೆಯಾಗಬೇಕಂತೆ.

ಹಳೆಯ ನರ್ಸರಿಯವರಲ್ಲಿ ಇನ್ನೆರಡು ಸಂದೇಹ. ಉಳಿದ 17ರಲ್ಲೂ ಕೆಲವು ಚೀಲದೊಳಗೇ ಇರಬಹುದಲ್ಲವೇ? ಈಗ ಅಗೆದು ಬಿಚ್ಚಬಹುದೇ? ಹಾಗೆಯೇ ಟ್ರೀ ಗಾರ್ಡನ್ನು ಯಾವಾಗ ತೆಗೆಯಬೇಕು?

ಉತ್ತರ: ಹಳೆಯ ನರ್ಸರಿಯವರು

ಈ ಬಿಸಿಲಿನಲ್ಲಿ ಬೇರನ್ನು ಖಂಡಿತ ಅಲುಗಿಸಬೇಡಿ. ಎರಡು ಒಳ್ಳೆಯ ಮಳೆಯಾಗಿ ಮೋಡ ಕವಿದ ದಿನ ನೋಡಿ, ಬುಡದಿಂದ ಒಂದು ಗೇಣು ದೂರದಲ್ಲಿ ಒಂದೇ ಬದಿಯ ಮಣ್ಣನ್ನು ಕೈಯಿಂದ ಬಿಡಿಸುತ್ತ ಹೋಗಿ. ಕಪ್ಪು ಚೀಲ ಕಂಡರೆ ಮೇಲಿನಿಂದ ಕೆಳಕ್ಕೆ ಬ್ಲೇಡಿನಿಂದ ಸೀಳಿ, ಸಿಕ್ಕಷ್ಟನ್ನು ಎಳೆದು ತೆಗೆಯಿರಿ, ಸಿಕ್ಕದ್ದಕ್ಕೆ ಜಗ್ಗಾಡಬೇಡಿ. ಒಂದು ಬದಿ ತೆರೆದರೂ ಬೇರಿಗೆ ದಾರಿ ಸಿಗುತ್ತದೆ. ಆ ದಿನ ಎಲೆಗಳಲ್ಲಿ ಮೂರನೇ ಒಂದು ಪಾಲನ್ನು ಸವರಿ, ಹೊಸ ಮಣ್ಣು ತುಂಬಿ, ಪಾತಿಯಲ್ಲಿ ನಿಲ್ಲುವಷ್ಟು ನೀರು ಹಾಕಿ. ಹಾಗೆ ಮಾಡಿದರೂ ಒಂದೆರಡು ಹೋಗಬಹುದು, ಅದಕ್ಕೆ ಸಿದ್ಧರಿರಿ.

ಬೇಲಿಯನ್ನು ಕಾಂಡ ಮಣಿಕಟ್ಟಿನಷ್ಟು ದಪ್ಪವಾದಾಗ, ಸುಮಾರು ಮೂರು ನಾಲ್ಕು ವರ್ಷಕ್ಕೆ, ತೆಗೆದು ಮುಂದಿನ ಗಿಡಕ್ಕೆ ಕೊಡಿ. ತೆಗೆಯುವುದನ್ನು ಮರೆತ ಬೇಲಿಯ ಕಬ್ಬಿಣ ತೊಗಟೆಯೊಳಗೆ ಹೂತು, ಮರವೇ ಅದನ್ನು ನುಂಗಿರುವುದನ್ನು ಬಹಳ ಕಡೆ ನೋಡಿದ್ದೇನೆ. ಊರುಗೋಲಿಗೆ ಕಟ್ಟಿದ ಹುರಿಯನ್ನು ಮಾತ್ರ ಅಷ್ಟು ದಿನ ಬಿಡಬೇಡಿ. ನೈಲಾನ್ ಹುರಿ ಇದ್ದರೆ ಇಂದೇ ಬಿಚ್ಚಿ, ಹಳೆಯ ಹತ್ತಿ ಬಟ್ಟೆಯ ಪಟ್ಟಿಯನ್ನು ಕೋಲಿಗೂ ಕಾಂಡಕ್ಕೂ ನಡುವೆ ಅಡ್ಡಹಾಯುವಂತೆ ಸಡಿಲವಾಗಿ ಕಟ್ಟಿ. ಆಷಾಢದ ಗಾಳಿಗೆ ಗಿಡ ಸ್ವಲ್ಪ ತೂಗಾಡಬೇಕು, ಆಗಲೇ ಕಾಂಡ ಗಟ್ಟಿಯಾಗುತ್ತದೆ.

ಒಂಬತ್ತು ಗುಂಡಿಗಳನ್ನು ಮೇ ಎರಡನೆಯ ವಾರದೊಳಗೆ ತೋಡಿಸಿ. ತೋಡುವ ಮುನ್ನ ಕೆಳಗೆ ನೀರಿನ ಪೈಪು, ಗ್ಯಾಸಿನ ಪೈಪು ಇದೆಯೇ ಎಂದು ವಾರ್ಡಿನ ಎಂಜಿನಿಯರನ್ನು ಕೇಳಿ ಗುರುತು ಹಾಕಿಸಿಕೊಳ್ಳಿ. ಆ ಮಗು ಯಾರೆಂದು ಗೊತ್ತಾದರೆ, ಈ ಸಲದ ಒಂದು ಚೀಲವನ್ನು ಅದರ ಕೈಯಿಂದಲೇ ಬಿಚ್ಚಿಸಿ. ಹೆಸರನ್ನು ಬೇಲಿಯ ಮೇಲೆ ಬರೆಯಲಿ.